ದೇಹದ ಅಧಿಕ ಕೊಬ್ಬನ್ನು ಸುರಕ್ಷಿತವಾಗಿ ಇಳಿಸುವ ಕ್ರಮ: ಸಾರ್ವಜನಿಕ ಮಾಹಿತಿ

1. ಯಾರಿಗೆ ಅಗತ್ಯ
ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬಿ.ಎಂ.ಐ. ಸೂಚ್ಯಂಕ ದೊರೆಯುತ್ತದೆ. ಭಾರತೀಯ ವಯಸ್ಕರಲ್ಲಿ ಇದು 23ನ್ನು ಮೀರಿದರೆ ಅಧಿಕ ತೂಕವೆಂದು ಪರಿಗಣಿಸಲಾಗುತ್ತದೆ. 160 ಸೆಂ.ಮೀ. ಎತ್ತರದವರಿಗೆ ಈ ಮಿತಿಯು ಸುಮಾರು 59 ಕೆ.ಜಿ. ಆಗಿರುತ್ತದೆ. ಸೊಂಟದ ಸುತ್ತಳತೆಯು ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಬಾರದು.

2. ಸೂಕ್ತ ವೇಗ
ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯನ್ವಯ ವಾರಕ್ಕೆ ಅರ್ಧ ಕೆ.ಜಿ. ಇಳಿಕೆ ಸುರಕ್ಷಿತ. ದಿನದ ಆಹಾರವು 1000 ಕಿಲೋಕ್ಯಾಲೊರಿಗಿಂತ ಕಡಿಮೆಯಾಗಬಾರದು. ಅತಿ ವೇಗವಾಗಿ ತೂಕ ಇಳಿಸಿದಲ್ಲಿ ಸ್ನಾಯುಗಳೂ ಕರಗುತ್ತವೆ. ಪಿತ್ತಕೋಶದಲ್ಲಿ ಕಲ್ಲು ಉಂಟಾಗುವ ಸಂಭವವೂ ಹೆಚ್ಚುತ್ತದೆ.

3. ಅನುಸರಿಸಬೇಕಾದ ಕ್ರಮ
ಅ) ಊಟವನ್ನು ಬಿಡದೆ, ಅನ್ನ ಅಥವಾ ಮುದ್ದೆಯ ಪ್ರಮಾಣವನ್ನು ತಗ್ಗಿಸಿ, ಸೊಪ್ಪು, ತರಕಾರಿ ಮತ್ತು ಮೊಳಕೆ ಕಾಳುಗಳನ್ನು ಹೆಚ್ಚಿಸತಕ್ಕದ್ದು.
ಆ) ಕರಿದ ತಿನಿಸು ಹಾಗೂ ಸಕ್ಕರೆಯನ್ನು ಮಿತಗೊಳಿಸತಕ್ಕದ್ದು.
ಇ) ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ ಮತ್ತು 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಕೈಗೊಳ್ಳತಕ್ಕದ್ದು.

4. ವಿಶೇಷ ಎಚ್ಚರಿಕೆ
ಇನ್ಸುಲಿನ್ ಅಥವಾ ಮಧುಮೇಹದ ಮಾತ್ರೆ ಪಡೆಯುತ್ತಿರುವವರು ಆಹಾರವನ್ನು ಕಡಿತಗೊಳಿಸುವ ಮುನ್ನ ವೈದ್ಯರನ್ನು ಕಡ್ಡಾಯವಾಗಿ ಸಂಪರ್ಕಿಸತಕ್ಕದ್ದು. ಔಷಧದ ಪ್ರಮಾಣವನ್ನು ಅದಕ್ಕೆ ತಕ್ಕಂತೆ ಬದಲಿಸದಿದ್ದಲ್ಲಿ ರಕ್ತದ ಸಕ್ಕರೆ ಅಂಶ ಕುಸಿದು ಪ್ರಜ್ಞೆ ತಪ್ಪುವ ಅಪಾಯವಿರುತ್ತದೆ. ಗರ್ಭಿಣಿಯರು ತೂಕ ಇಳಿಸುವ ಪಥ್ಯವನ್ನು ಕೈಗೊಳ್ಳಬಾರದು. ಯಾವುದೇ ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದಲ್ಲಿ ತಡಮಾಡದೆ ತಪಾಸಣೆಗೆ ಒಳಗಾಗತಕ್ಕದ್ದು.

5. ಸೇವೆ ದೊರೆಯುವ ಸ್ಥಳ
30 ವರ್ಷ ಮೇಲ್ಪಟ್ಟ ನಾಗರಿಕರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆಯನ್ನು ಉಚಿತವಾಗಿ ನಡೆಸಲಾಗುತ್ತದೆ. ಹೆಚ್ಚಿನ ಸಲಹೆಗಾಗಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾಲಯವನ್ನು ಸಂಪರ್ಕಿಸಬಹುದಾಗಿದೆ.