ಧಾರವಾಡ ಸೀಮೆಯ ಕ್ರೈಸ್ತ ಸಭೆಗಳೂ ಐಕ್ಯದ ವಾದವೂ

ಕ್ರೈಸ್ತಧರ್ಮದೊಳಗಣ ಪಂಥಭೇದಗಳನ್ನು ಕುರಿತು ಬರೆಯಹೊರಟವರು ವಿಟ್ಟೆನ್‌ಬರ್ಗಿನಿಂದಲೋ ಜಿನೀವದಿಂದಲೋ ಆರಂಭಿಸುವುದು ವಾಡಿಕೆ. ಯುರೋಪಿನ ಇತಿಹಾಸಕ್ಕೆ ಆ ಕ್ರಮವು ಯುಕ್ತವೂ ಆಗಿದೆ. ಆದರೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಸುತ್ತಣ ಹಳ್ಳಿಗಾಡಿನಲ್ಲಿ ಕ್ರಿಸ್ತನನ್ನು ನಂಬಿದವರ ಪಾಲಿಗೆ ಪಂಥವೆಂಬುದು ತಾವು ವಿಚಾರಮಾಡಿ ಆರಿಸಿಕೊಂಡ ಸಿದ್ಧಾಂತವಾಗಿರದೆ, ತಮ್ಮ ಊರು ಯಾವ ಮಿಶನ್ನಿನ ಎಲ್ಲೆಯೊಳಗೆ ಬಿದ್ದಿತ್ತೆಂಬ ಭೂಗೋಳದ ಫಲವಾಗಿತ್ತು. ಇದರಿಂದ ಒಂದು ವಿಚಿತ್ರವು ಸಂಭವಿಸಿತು: ಪಂಥಭೇದದ ಕಾವು ಬಹು ಕಡಿಮೆಯಿದ್ದ ಈ ಪ್ರದೇಶವೇ, 1947ರಲ್ಲಿ ದಕ್ಷಿಣ ಭಾರತದ ಪ್ರಾಟೆಸ್ಟಂಟ್ ಸಭೆಗಳು ಒಂದಾದಾಗ ಹೊರಗುಳಿದು, ಬಹಳ ತಡವಾಗಿ ಒಳಗೆ ಬಂದಿತು. ಹೀಗೇಕಾಯಿತೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ರೋಮನ್ ಕಥೋಲಿಕರ ಸಂಗತಿಯನ್ನು ಹೇಳಿ ಮುಂದುವರಿಯಬೇಕು. ಏಕೆಂದರೆ ಈ ಸೀಮೆಯ ಮೇಲೆ ಹರಿದ ಅತಿ ಪುರಾತನವಾದ ಸಭಾಕಲಹವು ಅವರದೇ, ಅದೂ ಒಂದೇ ಪೋಪನ ಅಧೀನದಲ್ಲಿದ್ದ ಇಬ್ಬರ ನಡುವಿನದು. ಪೋರ್ಚುಗೀಸರ ಅರಸನಿಗೆ ಪೂರ್ವದೇಶಗಳ ಸಭೆಗಳ ಮೇಲೆ ದತ್ತವಾಗಿದ್ದ ಪಾದ್ರವಾದೊ ಎಂಬ ಪೋಷಕಾಧಿಕಾರವು ಗೋವೆಯ ಆರ್ಚ್‌ಬಿಷಪ್ಪರ ಕೈಯಲ್ಲಿ ನಡೆಯುತ್ತಿರಲು, ರೋಮಿನಲ್ಲಿ 1622ರಲ್ಲಿ ಸ್ಥಾಪಿತವಾದ ಪ್ರಾಪಗಾಂಡ ಎಂಬ ಪೀಠವು ಆ ಅಧಿಕಾರವನ್ನು ಬದಿಗೊತ್ತಿ ತನ್ನದೇ ಧರ್ಮಾಧ್ಯಕ್ಷರನ್ನು ಕಳುಹತೊಡಗಿತು. ಹಾಗೆ 1637ರಲ್ಲಿ ರೋಮಿನಲ್ಲಿ ಅಭಿಷಿಕ್ತನಾಗಿ ಬಂದವನು ಮತೇವುಸ್ ದ ಕಾಸ್ತ್ರೊ. ಗೋವೆಯ ದಿವಾಡಿ ದ್ವೀಪದ ಬ್ರಾಹ್ಮಣ ಮೂಲದ ಈ ಪಾದ್ರಿಗೆ ಒಪ್ಪಿಸಲ್ಪಟ್ಟ ಕ್ಷೇತ್ರವು ಬಿಜಾಪುರದ ಆದಿಲಶಾಹಿ ರಾಜ್ಯ. ಅಂದಮೇಲೆ ಆಗ ಆ ರಾಜ್ಯದ ಭಾಗವಾಗಿದ್ದ ಧಾರವಾಡವೂ ಕಾಗದದ ಮೇಲೆ ಅವನದೇ. ಗೋವೆಯವರು ಅವನನ್ನು ಒಪ್ಪಲಿಲ್ಲ, ಅವನು ಗೋವೆಯವರಿಗೆ ಬಾಗಲಿಲ್ಲ. ಈ ದ್ವಂದ್ವವು ಹಲವು ರೂಪಗಳಲ್ಲಿ ಮುಂದುವರಿದು 1886ರ ಒಪ್ಪಂದದಿಂದ ಬಹುಮಟ್ಟಿಗೆ ಶಮನವಾಗಿ, ಅದೇ ವರ್ಷ ಪುಣೆಯ ಧರ್ಮಪ್ರಾಂತವು ರಚಿತವಾಯಿತು. 1953ರಲ್ಲಿ ಬೆಳಗಾವಿಯ ಧರ್ಮಪ್ರಾಂತವು ಹುಟ್ಟಿ ಧಾರವಾಡ ಸೀಮೆಯು ಅದರೊಳಗೆ ಬಂದಿತು. ಏಕೈಕ ಮಹಾಸಭೆಯೆಂದು ತನ್ನನ್ನು ಕರೆದುಕೊಳ್ಳುವ ಸಭೆಯಲ್ಲಿಯೇ ಅಧಿಕಾರದ ಎಲ್ಲೆಗಾಗಿ ಎರಡೂವರೆ ಶತಮಾನಗಳ ವ್ಯಾಜ್ಯವು ನಡೆಯಿತೆಂಬುದನ್ನು ನೆನಪಿಟ್ಟುಕೊಂಡರೆ, ಪ್ರಾಟೆಸ್ಟಂಟರ ಒಡಕುಗಳನ್ನು ಮಾತ್ರ ಎತ್ತಿ ಆಡುವ ಅಭ್ಯಾಸವು ತುಸು ತಗ್ಗೀತು.

ಈ ಸೀಮೆಯ ಪ್ರಾಟೆಸ್ಟಂಟರ ಕಥೆಯು 1834ರಿಂದ ಮೊದಲಾಗುತ್ತದೆ. ಅದರ ಹಿಂದಿನ ವರ್ಷ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕೃತವಾದಾಗ ಬ್ರಿಟಿಷರಲ್ಲದ ಮಿಶನರಿಗಳಿಗೂ ದೇಶದ ಬಾಗಿಲು ತೆರೆದುದರಿಂದ, ಸ್ವಿಟ್ಜರ್ಲಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾಗಿದ್ದ ಮಿಶನ್ ಸಂಘವು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿಸಿತು. ಅವರ ಕಾರ್ಯವು ಘಟ್ಟವೇರಿ 1837ರಲ್ಲಿ ಧಾರವಾಡವನ್ನೂ 1839ರಲ್ಲಿ ಹುಬ್ಬಳ್ಳಿಯನ್ನೂ 1841ರಲ್ಲಿ ಗದಗಿನ ನೆರೆಯ ಬೆಟಗೇರಿಯನ್ನೂ ಮುಟ್ಟಿತು. ನವಲಗುಂದವಾಗಲಿ ಅಣ್ಣಿಗೇರಿಯಾಗಲಿ ಕುಂದಗೋಳವಾಗಲಿ ಕಲಘಟಗಿಯಾಗಲಿ ಈ ಮೂರು ಠಾಣೆಗಳ ನಡುವೆ ಅಥವಾ ಮಗ್ಗುಲಲ್ಲಿ ಇರುವ ಊರುಗಳು. ಠಾಣೆಯಿಂದ ಹೊರಟ ಬೋಧಕರು ಸಂತೆಗೂ ಜಾತ್ರೆಗೂ ಹೋಗಿ ಬೋಧಿಸಿ ಮರಳುವ ಸುತ್ತಿನ ಸೀಮೆ.

ಇಲ್ಲಿ ಮುಖ್ಯವಾದ ವಿಷಯವೊಂದುಂಟು. ಬಾಸೆಲ್ ಮಿಶನ್ ಎಂಬುದು ಯಾವುದೊಂದು ಪಂಥದ ಅಂಗಸಂಸ್ಥೆಯಾಗಿರಲಿಲ್ಲ. ಅದರ ಜನರಲ್ಲಿ ಬಹುಭಾಗವು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಲೂಥರನ್ ಭಕ್ತರು. ಅದರ ಆಶ್ರಯವಾದರೋ ಸ್ವಿಸ್ ರಿಫಾರ್ಮ್ಡ್ ನಗರ. ಕರ್ತನ ಭೋಜನದ ರೊಟ್ಟಿಯಲ್ಲಿ ಕ್ರಿಸ್ತನ ಶರೀರವು ಇರುವ ಬಗೆಯನ್ನು ಕುರಿತು 1529ರಲ್ಲಿ ಮಾರ್ಬುರ್ಗಿನಲ್ಲಿ ಲೂಥರನೂ ಜ್ವಿಂಗ್ಲಿಯೂ ಎದುರುಬದುರು ಕುಳಿತು ಒಮ್ಮತಕ್ಕೆ ಬಾರದೆ ಎದ್ದುಹೋದ ಮೇಲೆ ಯುರೋಪಿನಲ್ಲಿ ಪ್ರತ್ಯೇಕವಾಗಿಯೇ ಬೆಳೆದ ಎರಡು ಸಂಪ್ರದಾಯಗಳವರು, ಈ ಸಂಘದಲ್ಲಿ ಒಂದೇ ಮೇಜಿಗೆ ಕುಳಿತು ಒಂದೇ ಹಡಗಿನಲ್ಲಿ ಬಂದರು. ಆದುದರಿಂದ ಧಾರವಾಡದ ಸೀಮೆಯಲ್ಲಿ ದೀಕ್ಷಾಸ್ನಾನ ಪಡೆದವರಿಗೆ ತಾವು ಲೂಥರನ್ನರೋ ರಿಫಾರ್ಮ್ಡ್ ಪಂಥದವರೋ ಎಂದು ತಿಳಿಯುವ ಪ್ರಸಂಗವೇ ಬರಲಿಲ್ಲ. ಅವರು ಬಾಸೆಲ್ ಮಿಶನ್ನಿನವರು, ಅಷ್ಟೆ.

ಈ ಏಕರೂಪತೆಗೆ ಮಿಶನ್ ಸಂಘಗಳ ಪರಸ್ಪರ ಸೀಮಾವಿಭಾಗವೂ ನೆರವಾಯಿತು. ಬಳ್ಳಾರಿಯಲ್ಲಿ 1810ರಿಂದ, ಬೆಳಗಾವಿಯಲ್ಲಿ 1820ರಿಂದ ಲಂಡನ್ ಮಿಶನ್ನಿನವರು ಇದ್ದರು. ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ನರು ಇದ್ದರು. ಬೆಳಗಾವಿಯ ಕೆಲಸವು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಮೆಥೊಡಿಸ್ಟರಿಗೆ ವರ್ಗವಾಯಿತು. ಒಬ್ಬರ ಹೊಲದಲ್ಲಿ ಇನ್ನೊಬ್ಬರು ಬಿತ್ತಬಾರದೆಂಬ ಒಡಂಬಡಿಕೆಯು ಸೌಜನ್ಯದಿಂದ ಹುಟ್ಟಿದುದಾದರೂ, ಅದರ ಪರಿಣಾಮವಾಗಿ ಬೈಲಹೊಂಗಲದ ಕಡೆಯ ಕ್ರೈಸ್ತನು ಮೆಥೊಡಿಸ್ಟನೂ ಮಲಪ್ರಭೆಯ ಈಚೆಯವನು ಬಾಸೆಲಿನವನೂ ಆದನು. ನಡುವೆ ನಿಂತ ಗೋಡೆಯು ತತ್ತ್ವದ್ದಾಗಿರದೆ ನಕಾಶೆಯದಾಗಿತ್ತು. ಕೈಯಲ್ಲಿದ್ದ ಗ್ರಂಥವಂತೂ ಎಲ್ಲರಿಗೂ ಒಂದೇ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರಲ್ಲಿ ಪೂರ್ಣಗೊಂಡ ಕನ್ನಡ ಬೈಬಲನ್ನು ಪರಿಷ್ಕರಿಸುವ ಕೆಲಸದಲ್ಲಿ ಬಾಸೆಲಿನ ವೈಗ್ಲೆಯೂ ಲಂಡನ್ ಮಿಶನ್ನಿನ ಬೆಂಜಮಿನ್ ರೈಸನೂ ಪಾಲುಗೊಂಡಿದ್ದರು.

ಗ್ರಂಥದ ಮಾತು ಬಂದುದರಿಂದ ನವಲಗುಂದದ ಒಂದು ಸಂಗತಿಯನ್ನು ಹೇಳದೆ ಹೋಗಲಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿದ್ದ ಅಜಾತ ನಾಗಲಿಂಗಸ್ವಾಮಿಗಳ ಮಠದಲ್ಲಿ ರಂಧ್ರವುಳ್ಳ ಬೈಬಲೊಂದು ಪೂಜೆಗೊಳ್ಳುತ್ತಿದೆ. ಸ್ವಾಮಿಗಳೇ ಅದನ್ನು ಚುಚ್ಚಿದರೆಂದೂ ಆ ರಂಧ್ರವು ತಾನಾಗಿ ಮುಚ್ಚಿಬರುತ್ತಿದೆಯೆಂದೂ ಜನಶ್ರುತಿ. ಈ ಕಥೆಯ ಅರ್ಥವನ್ನು ಭಕ್ತರು ಅವರವರ ಮನೋಧರ್ಮದಂತೆ ಹೇಳಿಕೊಳ್ಳಲಿ. ನಮ್ಮ ಪ್ರಕೃತಕ್ಕೆ ಬೇಕಾದುದಿಷ್ಟು: ಆ ಬೈಬಲು ಯಾವ ಪಂಥದವರದೆಂದು ನವಲಗುಂದದಲ್ಲಿ ಕೇಳುವವರಿಲ್ಲ. ಕ್ರೈಸ್ತೇತರರ ದೃಷ್ಟಿಯಲ್ಲಿ ಆ ಧರ್ಮವು ಹೊರಗಿನಿಂದ ಇಡಿಯಾಗಿಯೇ ಕಾಣುತ್ತಿತ್ತು.

ಪಂಥವೈವಿಧ್ಯವನ್ನು ಈ ಸೀಮೆಗೆ ತಂದುದರಲ್ಲಿ ಬೋಧಕರಿಗಿಂತ ರೈಲಿನ ಪಾತ್ರವು ಹಿರಿದೆಂದು ನನ್ನ ಅಭಿಪ್ರಾಯ. ಸದರ್ನ್ ಮರಾಠಾ ರೈಲ್ವೆಯು 1880ರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಕಾರ್ಖಾನೆಯನ್ನು ತೆರೆದಾಗ ಅದರೊಡನೆ ಆಂಗ್ಲೊ ಇಂಡಿಯನ್ನರೂ ಗೋವೆಯವರೂ ತಮಿಳರೂ ಬಂದರು. ಅವರ ಬೆನ್ನಿಗೆ ಆಂಗ್ಲಿಕನ್ ಪ್ರಾರ್ಥನೆಯೂ ಕಥೋಲಿಕರ ಇಗರ್ಜಿಯೂ ಬಂದವು. ಅಣ್ಣಿಗೇರಿಯೂ ಕುಂದಗೋಳವೂ ರೈಲು ಹಾದಿಯ ಮೇಲಿನ ಊರುಗಳು; ನವಲಗುಂದಕ್ಕೂ ಕಲಘಟಗಿಗೂ ರೈಲು ಮುಟ್ಟಲಿಲ್ಲ. ನವಲಗುಂದದ ಎರೆಭೂಮಿಯಲ್ಲಿ ಮಳೆ ಹಿಡಿದರೆ ಚಕ್ಕಡಿಯ ಗಾಲಿ ಅಚ್ಚಿನವರೆಗೆ ಹೂತು ನಿಲ್ಲುತ್ತದೆ, ಬೆಣ್ಣೆಹಳ್ಳವು ತುಂಬಿದರೆ ಈಚೆಯವರು ಈಚೆ, ಆಚೆಯವರು ಆಚೆ. ಇಂಥಲ್ಲಿ ಠಾಣೆಯ ಸಭಾಪಾಲಕರ ದಾರಿ ಕಾಯುತ್ತ ಕುಳಿತರೆ ಆರಾಧನೆಯು ನಡೆಯದು. ಸಭೆಯ ಹಿರಿಯರೇ ವೇದಪಾಠವನ್ನು ಓದಿ, ಕೀರ್ತನೆ ಹಾಡಿಸಿ, ಪ್ರಾರ್ಥನೆ ನಡೆಸಬೇಕು. ಹಿರಿಯರ ಮಂಡಲಿಯೂ ಅದರ ಮೇಲೆ ಪ್ರೆಸ್ಬಿಟರಿಯೂ ಸಭೆಯನ್ನು ಆಳುವ ಬಾಸೆಲಿನ ಪದ್ಧತಿಯು, ಪಂಚರ ಮಾತಿಗೆ ಒಗ್ಗಿದ ಈ ಹಳ್ಳಿಗಳಿಗೆ ಅಪರಿಚಿತವೆನಿಸಲಿಲ್ಲ. ಬಿಷಪ್ಪರಿಲ್ಲದ ಸಭೆಯು ಅಪೂರ್ಣವೆಂಬ ವಾದವು ಅವರ ಕಿವಿಗೆ ಬಿದ್ದುದು ಬಹುಕಾಲದ ಮೇಲೆ.

ಆ ವಾದವನ್ನು ಎಬ್ಬಿಸಿದ ಐಕ್ಯದ ಯತ್ನವು ಹುಟ್ಟಿದುದು ತಮಿಳುನಾಡಿನಲ್ಲಿ. ಕಾಂಗ್ರಿಗೇಶನಲ್ ಮತ್ತು ಪ್ರೆಸ್ಬಿಟೇರಿಯನ್ ಸಭೆಗಳು 1908ರಲ್ಲಿ ಕೂಡಿ ದಕ್ಷಿಣ ಭಾರತ ಐಕ್ಯ ಸಭೆಯಾಗಿದ್ದವು. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ನೆರೆದ 33 ಮಂದಿ ಬೋಧಕರು, ಬಹುಮಟ್ಟಿಗೆ ಎಲ್ಲರೂ ಭಾರತೀಯರು, ತಮ್ಮನ್ನು ಒಡೆದ ಭೇದಗಳು ತಾವು ಮಾಡಿದವಲ್ಲ, ಪರದೇಶದಿಂದ ತಮ್ಮ ಮೇಲೆ ಹೇರಲ್ಪಟ್ಟವು ಎಂದು ಸಾರಿದರು. ದೋರ್ನಕಲ್ಲಿನ ಬಿಷಪ್ ವಿ. ಎಸ್. ಅಜರಯ್ಯನವರು ಅವರಲ್ಲಿ ಅಗ್ರಗಣ್ಯರು. ಮರುವರ್ಷದಿಂದಲೇ ಸಂಧಾನಗಳು ಮೊದಲಾದವು, 1925ರಲ್ಲಿ ಮೆಥೊಡಿಸ್ಟರೂ ಸೇರಿದರು, 1929ರಲ್ಲಿ ಐಕ್ಯದ ಯೋಜನೆಯು ಪ್ರಕಟವಾಯಿತು. ವೇದ, ಪ್ರಾಚೀನ ವಿಶ್ವಾಸಪ್ರಮಾಣಗಳು, ಎರಡು ಸಂಸ್ಕಾರಗಳು, ಇವುಗಳ ವಿಷಯದಲ್ಲಿ ಹೆಚ್ಚಿನ ತೊಡಕಿರಲಿಲ್ಲ. ಗಂಟುಬಿದ್ದುದು ನಾಲ್ಕನೆಯದಾದ ಬಿಷಪ್ ಪದವಿಯಲ್ಲಿ: ಅಪೊಸ್ತಲರಿಂದ ಕೈಯಿಂದ ಕೈಗೆ ಇಳಿದುಬಂದ ಅಭಿಷೇಕವೆಂದು ಆಂಗ್ಲಿಕನ್ನರು ನಂಬಿದ ಆ ಹಸ್ತಾರ್ಪಣೆಯನ್ನು ಪಡೆಯದ ಬೋಧಕರು ಐಕ್ಯಸಭೆಯಲ್ಲಿ ಪೂರ್ಣಾಧಿಕಾರದ ಬೋಧಕರೋ ಅಲ್ಲವೋ? ಮುಂದೆ ಆಗುವ ಅಭಿಷೇಕಗಳೆಲ್ಲ ಬಿಷಪ್ಪರಿಂದಲೇ ಆಗತಕ್ಕದ್ದು, ಈಗಿರುವ ಬೋಧಕರು ಮರು ಅಭಿಷೇಕವಿಲ್ಲದೆಯೇ ಮುಂದುವರಿಯತಕ್ಕದ್ದು, ಮೂವತ್ತು ವರ್ಷಗಳ ಬಳಿಕ ಸಭೆಯೇ ಮತ್ತೆ ವಿಚಾರಿಸತಕ್ಕದ್ದು ಎಂದು ತೀರ್ಮಾನವಾಯಿತು. ಲಂಡನ್ನಿನಲ್ಲಿ ಟಿ. ಎಸ್. ಎಲಿಯಟ್ ಎಂಬ ಕವಿಯು 1943ರಲ್ಲಿ ಈ ಯೋಜನೆಯನ್ನು ಖಂಡಿಸಿ ಪುಸ್ತಿಕೆಯನ್ನೇ ಬರೆದನು. ಕೋರೊಮಂಡಲ ತೀರದ ಹಳ್ಳಿಯ ಪಾದ್ರಿಗೆ ಯಾರು ಕೈಯಿಡಬೇಕೆಂಬ ಚಿಂತೆಯು ಆಂಗ್ಲಕವಿಯ ನಿದ್ರೆಯನ್ನು ಕೆಡಿಸಿದ್ದು ಸಾಹಿತ್ಯಚರಿತ್ರೆಯ ಕೌತುಕಗಳಲ್ಲೊಂದು. ಕೊನೆಗೆ 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕಥೀಡ್ರಲಿನಲ್ಲಿ ದಕ್ಷಿಣ ಭಾರತ ಸಭೆಯು ಉದ್ಘಾಟಿತವಾಯಿತು. ಹದಿನಾಲ್ಕು ಸಭಾಪ್ರಾಂತಗಳಲ್ಲಿ ಮೈಸೂರು ಒಂದು.

ಧಾರವಾಡ ಅದರಲ್ಲಿರಲಿಲ್ಲ. ಇದರ ಕಾರಣವನ್ನು ಹುಡುಕಲು ಮೊದಲನೆಯ ಮಹಾಯುದ್ಧಕ್ಕೆ ಹಿಂದಿರುಗಬೇಕು. 1914ರಲ್ಲಿ ಬಾಸೆಲ್ ಮಿಶನ್ನಿನ ಜರ್ಮನರು ಶತ್ರುಪ್ರಜೆಗಳೆನಿಸಿ ಬಂಧನಕ್ಕೊಳಗಾದರು. ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಆಗ ಮಲಬಾರಿನ ಸಭೆಗಳು 1919ರಲ್ಲಿ ದಕ್ಷಿಣ ಭಾರತ ಐಕ್ಯ ಸಭೆಗೆ ಸೇರಿದವು. ಆ ಮೂಲಕ 1947ರ ಐಕ್ಯಕ್ಕೆ ಅವು ನೇರವಾಗಿ ಹಕ್ಕುದಾರರಾದವು. ಕನ್ನಡ ಸೀಮೆಯ ಸಭೆಗಳನ್ನಾದರೋ ಸ್ವಿಸ್ ಮಿತ್ರರು ಕೆನರೀಸ್ ಇವ್ಯಾಂಜೆಲಿಕಲ್ ಮಿಶನ್ ಎಂಬ ಸಂಘವನ್ನು ಕಟ್ಟಿ ನಡೆಸಿದರು. ಇಪ್ಪತ್ತರ ದಶಕದ ಉತ್ತರಾರ್ಧದಲ್ಲಿ ಬಾಸೆಲಿನವರೇ ಮರಳಿ ಬಂದರು. ಮೂವತ್ತರ ದಶಕದಲ್ಲಿ ಯುನೈಟೆಡ್ ಬಾಸೆಲ್ ಮಿಶನ್ ಚರ್ಚ್ ಎಂಬ ಹೆಸರಿನಿಂದ ಈ ಸಭೆಗಳಿಗೆ ಸ್ವಂತದ ಸಂವಿಧಾನವೂ ಆಯಿತು. ಹೀಗೆ ಸಂಧಾನದ ಮೇಜಿನ ಸುತ್ತ ವಾದವು ಕಾವೇರಿದ ಆ ಎರಡು ದಶಕಗಳಲ್ಲಿ ಬೊಂಬಾಯಿ ಕರ್ನಾಟಕದ ಸಭೆಗಳು ಅಲ್ಲಿ ಪಕ್ಷವೇ ಆಗಿರಲಿಲ್ಲ. ಐಕ್ಯವು ಅವರಿಗೆ ಸಿದ್ಧಪಡಿಸಿ ಕಳುಹಿದ ಕರಾರಾಗಿ ಬಂದಿತು.

ಕರಾರನ್ನು ಓದಿದವರಿಗೆ ಎರಡು ಸಂಶಯಗಳು ಸಹಜವೆಂದು ಹೇಳಬಹುದು. ಒಂದು, ಪ್ರೆಸ್ಬಿಟರಿಯ ಹಿರಿಯರು ಕೂಡಿ ನಿರ್ಧರಿಸುತ್ತಿದ್ದುದನ್ನು ಬಿಷಪ್ಪರೊಬ್ಬರು ನಿರ್ಧರಿಸಿಬಿಡುವರೇನೋ ಎಂಬುದು. ಇನ್ನೊಂದು ಆಸ್ತಿಯದು: ದೇವಾಲಯ, ಶಾಲೆ, ಬೋರ್ಡಿಂಗ್ ಮನೆ, ಆಸ್ಪತ್ರೆ, ಮಸಣದ ಜಾಗ, ಇವೆಲ್ಲ ಮಿಶನ್ನಿನ ಕೈಯಿಂದ ಯಾರ ಟ್ರಸ್ಟಿಗೆ ಹೋಗುವುವು? ಯುದ್ಧದ ಫಲವಾಗಿ ತಮ್ಮ ಕಾರ್ಖಾನೆಗಳು ಕಣ್ಣೆದುರಿಗೇ ಪರರ ಪಾಲಾದುದನ್ನು ಕಂಡ ಜನಾಂಗದ ಈ ಸಂಶಯವನ್ನು ಅಲ್ಪಬುದ್ಧಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇವೆರಡರ ಜೊತೆಗೆ ಆಡಳಿತದ ಗಡಿಯೂ ಇತ್ತು. ಐಕ್ಯವನ್ನು ಕಟ್ಟಿದವರ ಕಣ್ಣು ಮದರಾಸಿನ ಕಡೆಗಿದ್ದರೆ ಧಾರವಾಡದವರ ಸರಕಾರವೂ ಶಾಲಾ ಇಲಾಖೆಯೂ ಬೊಂಬಾಯಿಯವು. ಕುಂದಗೋಳವಂತೂ ಜಮಖಂಡಿ ಸಂಸ್ಥಾನದ ತುಣುಕು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದ ಬಳಿಕವೇ ಮೈಸೂರಿನ ಬಿಷಪ್ ನಾರ್ಮನ್ ಸಾರ್ಜಂಟ್ ಅವರ ಸಭಾಪ್ರಾಂತವೂ ಧಾರವಾಡದ ಸಭೆಗಳೂ ಒಂದೇ ರಾಜ್ಯದೊಳಗೆ ಬಂದವು. ಭಾಷಾವಾರು ಏಕೀಕರಣವು ಸಭೆಗಳ ಏಕೀಕರಣಕ್ಕೆ ಹಾದಿ ಮಾಡಿಕೊಟ್ಟಿತೆಂದು ನಾನು ಭಾವಿಸುತ್ತೇನೆ. 1965ರಲ್ಲಿ ಮಂಗಳೂರಿನ ಹಳೆಯ ಸೆಮಿನರಿಯು ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಆದುದೂ ಇದೇ ಪ್ರವಾಹದ ಘಟನೆ. ಅರವತ್ತರ ದಶಕವು ಮುಗಿಯುವ ವೇಳೆಗೆ ಬಾಸೆಲ್ ಸಭೆಗಳು ದಕ್ಷಿಣ ಭಾರತ ಸಭೆಯನ್ನು ಸೇರಿ, ಮೈಸೂರು ಸಭಾಪ್ರಾಂತವು ಕರ್ನಾಟಕದ ಮಧ್ಯ, ಉತ್ತರ, ದಕ್ಷಿಣವೆಂದು ಮೂರಾಗಿ, ಧಾರವಾಡವು ಉತ್ತರದ ಕೇಂದ್ರವಾಯಿತು. ಬೆಳಗಾವಿಯ ಮೆಥೊಡಿಸ್ಟರಾದರೋ ಈ ಐಕ್ಯಕ್ಕೂ, 1970ರಲ್ಲಿ ನಾಗಪುರದಲ್ಲಿ ಆದ ಉತ್ತರ ಭಾರತದ ಐಕ್ಯಕ್ಕೂ ಸೇರದೆ ಇಂದಿಗೂ ಪ್ರತ್ಯೇಕರಾಗಿಯೇ ಇದ್ದಾರೆ.

ಬಾಸೆಲ್ ಸಭೆಗಳಿಂದ ಬಂದ ಒಬ್ಬರನ್ನು ಹೆಸರಿಸದೆ ಈ ಚರಿತ್ರೆಯು ಪೂರ್ಣವಾಗದು. ಉತ್ತಂಗಿ ಚನ್ನಪ್ಪನವರು (1881–1962) ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿದ್ದುಕೊಂಡೇ 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಕೊಟ್ಟರು, ಅನುಭವಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿದರು, 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಕೃತಿಯನ್ನು ಬರೆದ ಆ ಲೇಖನಿಗೆ ಲೂಥರನ್, ರಿಫಾರ್ಮ್ಡ್ ಎಂಬ ಭೇದಗಳಿಗಿಂತ ಕ್ರಿಸ್ತನಿಗೂ ಈ ನೆಲದ ಶರಣರಿಗೂ ಇರುವ ಸಂಬಂಧವೇ ದೊಡ್ಡ ಪ್ರಶ್ನೆಯಾಗಿತ್ತು. ಐಕ್ಯದ ವಾದವನ್ನು ಬಿಷಪ್ಪರ ಕೈಗಳಿಗೆ ಸೀಮಿತಗೊಳಿಸಿದವರು ಈ ಪ್ರಶ್ನೆಯನ್ನು ಮುಟ್ಟಲಿಲ್ಲವೆಂಬುದು ಆ ವಾದದ ನಿಜವಾದ ದಾರಿದ್ರ್ಯ. ಅದರ ಫಲವನ್ನು ಇಂದು ಕಾಣಬಹುದು: ಐಕ್ಯಸಭೆಯ ಹೊರಗೆ ಸ್ವತಂತ್ರ ಪ್ರಾರ್ಥನಾಮಂದಿರಗಳೂ ಪೆಂತೆಕೋಸ್ತ ಕೂಟಗಳೂ ತಾಲೂಕಿನ ಊರುಗಳಲ್ಲಿ ಎದ್ದಿವೆ, ಅವಕ್ಕೆ 1529ರ ಮಾರ್ಬುರ್ಗೂ 1947ರ ಮದರಾಸೂ ಸಮಾನವಾಗಿ ದೂರ.

ಈ ಚರಿತ್ರೆಯನ್ನು ಮಿಶನರಿಗಳ ವರದಿಗಳಿಂದ ಬರೆದಾಗ ಠಾಣೆಯ ಬಂಗಲೆಯಿಂದ ಕಂಡ ನೋಟವು ಮಾತ್ರ ದೊರೆಯುತ್ತದೆ. ಹಳ್ಳಿಯ ಹಿರಿಯರು ಐಕ್ಯಕ್ಕೆ ಏಕೆ ಹೂಂ ಎಂದರು, ಏಕೆ ಉಹುಂ ಎಂದರು ಎಂಬುದು ಸಭೆಗಳ ನಡವಳಿ ಪುಸ್ತಕಗಳಲ್ಲಿಯೂ ದೀಕ್ಷಾಸ್ನಾನ, ವಿವಾಹಗಳ ದಾಖಲೆಗಳಲ್ಲಿಯೂ ಇರತಕ್ಕದ್ದು. ನವಲಗುಂದ, ಕಲಘಟಗಿ, ಕುಂದಗೋಳ, ಅಣ್ಣಿಗೇರಿಗಳ ಸೀಮೆಯಲ್ಲಿ ಅಂಥ ಪುಸ್ತಕಗಳನ್ನು ಕಾಪಾಡಿಕೊಂಡಿರುವವರು ಅವುಗಳ ಪ್ರತಿಯನ್ನು ಮಂಗಳೂರು ಬಲ್ಮಠದಲ್ಲಿರುವ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರಕ್ಕೆ ಒದಗಿಸಬೇಕೆಂದು ಬೇಡಿಕೊಳ್ಳುತ್ತೇನೆ.