ನಾಲ್ಕು ಮಾತಿನ ಅಪ್ಪಣೆ

ಒಬ್ಬನು ತನ್ನ ಮನೆಯ ಕಂಪ್ಯೂಟರಿನಲ್ಲಿ ಬರೆದ ಪ್ರೋಗ್ರಾಮು ಲೋಕದವರ ಬಳಕೆಗೆ ಒದಗಬೇಕಾದರೆ, ಹಗಲಿರುಳೂ ಎಚ್ಚರವಾಗಿರುವ ಇನ್ನೊಂದು ಕಂಪ್ಯೂಟರಿಗೆ ಅದು ಹೋಗಿ ಸೇರಬೇಕು. ಈ ಸಣ್ಣ ಪ್ರಯಾಣಕ್ಕೂ ಒಂದು ಚರಿತ್ರೆಯುಂಟು. ಅದು ಯಂತ್ರಗಳ ಕಥೆ ಎಷ್ಟೋ, ಒಡೆತನದ ಕಥೆಯೂ ಅಷ್ಟೇ.

ಕಡತಗಳನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸುವ ಎಫ್.ಟಿ.ಪಿ. ಎಂಬ ನಿಯಮಾವಳಿಯನ್ನು 1971ರಲ್ಲಿ ಮೊದಲು ಬರೆದವರು ಅಭಯ್ ಭೂಷಣ್, ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ ಅಮೆರಿಕದ ಎಂ.ಐ.ಟಿ.ಗೆ ಹೋಗಿದ್ದವರು. ಆ ಪದ್ಧತಿ ದಶಕಗಳ ಕಾಲ ಬಾಳಿತು. ಆದರೆ ಕಡತ ತಲುಪಿದ ಮಾತ್ರಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ದೂರದ ಯಂತ್ರದಲ್ಲಿ ಭಾಷೆಯ ಸಲಕರಣೆ, ಮಾಹಿತಿಯ ಉಗ್ರಾಣ, ಕಾವಲು, ಎಲ್ಲವನ್ನೂ ಹೊಂದಿಸಬೇಕು. ಎಷ್ಟೋ ವೇಳೆ ಬರೆಯುವ ಶ್ರಮಕ್ಕಿಂತ ಬಿಡಾರ ಹೂಡುವ ಶ್ರಮವೇ ಹೆಚ್ಚು.

2006ರಲ್ಲಿ ಅಮೆಜಾನ್ ಸಂಸ್ಥೆ ಕಂಪ್ಯೂಟರನ್ನು ಗಂಟೆಗೆ 10 ಸೆಂಟಿನಂತೆ ಬಾಡಿಗೆಗೆ ಕೊಡತೊಡಗಿತು. ಸಿಕ್ಕಿದ್ದು ಬರಿಯ ಮನೆ. ಒಲೆ ಹೂಡುವುದು, ನೀರು ತುಂಬುವುದು ಬಾಡಿಗೆದಾರನ ಪಾಡು. ಆ ಪಾಡನ್ನು ತಾವೇ ವಹಿಸಿಕೊಳ್ಳುತ್ತೇವೆಂದು 2007ರಲ್ಲಿ ಜೇಮ್ಸ್ ಲಿಂಡನ್‌ಬಾಮ್, ಆಡಮ್ ವಿಗಿನ್ಸ್, ಓರಿಯನ್ ಹೆನ್ರಿ ಎಂಬ ಮೂವರು ಮುಂದೆ ಬಂದರು. ಅವರು ಕಟ್ಟಿದ ಸಂಸ್ಥೆ ಹೆರೋಕು. ಅಮೆಜಾನಿನ ಯಂತ್ರಗಳನ್ನೇ ಹಿಡಿದು, ಸಜ್ಜುಗೊಳಿಸಿ, ಒಳಬಾಡಿಗೆಗೆ ಕೊಟ್ಟಂತಹ ವ್ಯವಸ್ಥೆ ಅದು.

‘ಗಿಟ್ ಪುಶ್ ಹೆರೋಕು ಮಾಸ್ಟರ್.’ ಪರದೆಯ ಮೇಲೆ ಈ ನಾಲ್ಕು ಮಾತನ್ನು ಬೆರಳಚ್ಚಿಸಿದರೆ ಸಾಕು. ಪ್ರೋಗ್ರಾಮು ಅತ್ತ ಹೋಗುವುದು. ಅದು ಯಾವ ಭಾಷೆಯದೆಂದು ಅಲ್ಲಿ ಗುರುತಾಗುವುದು. ಬೇಕಾದ ಸಾಮಗ್ರಿಯೆಲ್ಲ ಜೋಡಣೆಯಾಗಿ ಪ್ರೋಗ್ರಾಮು ಓಡತೊಡಗುವುದು. ಸಣ್ಣ ಪ್ರೋಗ್ರಾಮುಗಳಿಗೆ ಬಾಡಿಗೆಯೂ ಇರಲಿಲ್ಲ. ಕಾಸಿಲ್ಲದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದು?

ಈ ಅಪ್ಪಣೆಯ ಮೊದಲ ಪದವಾದ ‘ಗಿಟ್’ ಹುಟ್ಟಿದ ಬಗೆಯನ್ನು ಇಲ್ಲಿ ನೆನೆಯಬೇಕು. ಲಿನಕ್ಸ್ ರಚನೆಯಲ್ಲಿ ತೊಡಗಿದ್ದವರು ತಮ್ಮ ಬರಹದ ತಿದ್ದುಪಡಿಗಳನ್ನು ಕಾದಿಡಲು ಬಿಟ್‌ಕೀಪರ್ ಎಂಬ ಸಾಧನವನ್ನು ಪುಕ್ಕಟೆಯಾಗಿ ಬಳಸುತ್ತಿದ್ದರು. ವಿವಾದವೊಂದರ ತರುವಾಯ 2005ರಲ್ಲಿ ಅದರ ಒಡೆಯರು ಆ ಅನುಮತಿಯನ್ನು ಹಿಂತೆಗೆದುಕೊಂಡರು. ಲೀನಸ್ ಟೋರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ಗಿಟ್‌ನ ಮೊದಲ ರೂಪವನ್ನು ಸಿದ್ಧಗೊಳಿಸಿದರು. ಅದರಲ್ಲಿ ಪ್ರತಿಯೊಬ್ಬನ ಬಳಿಯೂ ಬರಹದ ಸಂಪೂರ್ಣ ಚರಿತ್ರೆ ಇರುತ್ತದೆ. ಯಾರೊಬ್ಬರ ಬಾಗಿಲು ಮುಚ್ಚಿದರೂ ಬರಹ ಉಳಿಯುತ್ತದೆ.

2010ರಲ್ಲಿ ಸೇಲ್ಸ್‌ಫೋರ್ಸ್ ಸಂಸ್ಥೆ ಹೆರೋಕುವನ್ನು ಸುಮಾರು 21.2 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಪುಕ್ಕಟೆ ಸೌಲಭ್ಯ ಮತ್ತೆ ಹನ್ನೆರಡು ವರ್ಷ ನಡೆಯಿತು. ಅದರ ದುರುಪಯೋಗವನ್ನು ತಡೆಯುವುದಕ್ಕೇ ಬಹಳ ಶ್ರಮ ವ್ಯಯವಾಗುತ್ತಿದೆಯೆಂದು ಹೇಳಿ, 2022ರ ನವೆಂಬರ್ 28ರಿಂದ ಸಂಸ್ಥೆ ಅದನ್ನು ನಿಲ್ಲಿಸಿತು. ಬಾಡಿಗೆ ಕೊಡುವವರು ಉಳಿದರು. ಇತರರು ಗಂಟುಮೂಟೆ ಕಟ್ಟಬೇಕಾಯಿತು. ಪ್ರೋಗ್ರಾಮಿನ ಬರಹವೇನೋ ಗಿಟ್‌ನ ದೆಸೆಯಿಂದ ಬರೆದವನ ಕೈಯಲ್ಲೇ ಇತ್ತು. ಆದರೆ ಬಳಸಿದವರು ತುಂಬಿಟ್ಟ ಮಾಹಿತಿ ಉಗ್ರಾಣದಲ್ಲಿತ್ತು. ಅದನ್ನು ಮೊದಲೇ ನಕಲು ಮಾಡಿಟ್ಟುಕೊಳ್ಳದವರು ಕಳೆದುಕೊಂಡರು.

ಇದರಲ್ಲಿ ಒಡೆಯನನ್ನು ಹಳಿದು ಫಲವಿಲ್ಲ. ಮನೆ ಅವನದು, ವಿದ್ಯುತ್ತಿನ ವೆಚ್ಚವೂ ಅವನದೇ. ಆಡಮ್ ವಿಗಿನ್ಸರೇ 2011ರಲ್ಲಿ ಪ್ರೋಗ್ರಾಮು ಕಟ್ಟುವವರಿಗಾಗಿ ಹನ್ನೆರಡು ಸೂತ್ರಗಳನ್ನು ಬರೆದು ಪ್ರಕಟಿಸಿದ್ದರು. ಪ್ರೋಗ್ರಾಮು ಯಾವ ಒಂದು ನೆಲೆಗೂ ಅಂಟಿಕೊಳ್ಳದೆ, ಸುಲಭವಾಗಿ ಬೇರೆಡೆಗೆ ಹೋಗುವಂತಿರಬೇಕೆಂಬುದು ಅವುಗಳ ಉದ್ದೇಶಗಳಲ್ಲೊಂದು. ಮನೆ ಕಟ್ಟಿದವನೇ ಮನೆ ಬಿಡುವ ದಾರಿಯನ್ನೂ ಹೇಳಿಕೊಟ್ಟಿದ್ದನೆಂದ ಹಾಗಾಯಿತು. ಆ ಮಾತನ್ನು ಅಂದೇ ಕಿವಿಗೆ ಹಾಕಿಕೊಂಡವರಿಗೆ 2022ರ ಚಳಿಗಾಲ ಅಷ್ಟೊಂದು ಕಷ್ಟವೆನಿಸಿರಲಾರದು.