ಡಿಜೆ ವಿದ್ಯೆಯ ಪೂರ್ವಕಥೆ

ನಮ್ಮ ಊರುಗಳಲ್ಲಿ ‘ಡಿಜೆ’ ಎಂದರೆ ಗಣೇಶನ ಮೆರವಣಿಗೆಯಲ್ಲಿ ಲಾರಿಯ ಮೇಲೆ ಪೇರಿಸಿದ ಧ್ವನಿಪೆಟ್ಟಿಗೆಗಳು ಎಂಬ ಅರ್ಥ ರೂಢಿಯಾಗಿದೆ. ಎದೆ ನಡುಗಿಸುವ ಆ ಸದ್ದನ್ನು ಕೇಳಿದವರಿಗೆ, ಇದರಲ್ಲಿ ಕಲಿಯತಕ್ಕ ವಿದ್ಯೆಯೊಂದಿದೆ ಎಂದರೆ ನಗು ಬಂದೀತು. ಆದರೆ ಡಿಜೆ, ಅಂದರೆ ಡಿಸ್ಕ್ ಜಾಕಿ, ಮೂಲತಃ ಮನುಷ್ಯ, ಪೆಟ್ಟಿಗೆಯಲ್ಲ. ಕುಣಿತ ನಿಲ್ಲದಂತೆ ಒಂದು ಹಾಡಿನಿಂದ ಇನ್ನೊಂದಕ್ಕೆ ಜನರನ್ನು ದಾಟಿಸುವುದು ಅವನ ಕೆಲಸ. ಇದನ್ನು ಕಲಿಯಬೇಕೆಂಬ ತರುಣರು ಈಗ ನಮ್ಮ ಮನೆಗಳಲ್ಲೂ ಇದ್ದಾರೆ. ಯಾವ ಯಂತ್ರ ಕೊಳ್ಳಬೇಕು ಎಂಬುದೇ ಅವರ ಮೊದಲ ಪ್ರಶ್ನೆ. ಅದಕ್ಕೂ ಮೊದಲು ಈ ವಿದ್ಯೆ ಹುಟ್ಟಿದ ಬಗೆಯನ್ನು ಅವರು ತಿಳಿಯುವುದು ಒಳ್ಳೆಯದೆಂದು ನನ್ನ ಎಣಿಕೆ. ಏಕೆಂದರೆ ಇದಕ್ಕೆಂದೇ ಮಾಡಿದ ಯಂತ್ರ ಬರುವ ಮುಂಚೆಯೇ ವಿದ್ಯೆ ಬಂದಿತ್ತು.

ಕಥೆ ಮೊದಲಾಗುವುದು 1970ರ ಸುಮಾರಿನ ನ್ಯೂಯಾರ್ಕಿನಲ್ಲಿ. ಆ ವರ್ಷ ಫೆಬ್ರುವರಿ 14ರಂದು ಡೇವಿಡ್ ಮ್ಯಾಂಕುಸೊ ಎಂಬಾತ ಬ್ರಾಡ್‌ವೇ ಬೀದಿಯಲ್ಲಿದ್ದ ತನ್ನ ವಾಸದ ಮಹಡಿಗೇ ಸ್ನೇಹಿತರನ್ನು ಕರೆದು ಕುಣಿತದ ಕೂಟ ನಡೆಸಿದ. ‘ಲಾಫ್ಟ್’ ಎಂದು ಹೆಸರಾದ ಆ ಕೂಟದಲ್ಲಿ ಮದ್ಯದ ಮಾರಾಟವಿರಲಿಲ್ಲ. ಬೇರೆ ಕಡೆ ಆದರ ಕಾಣದಿದ್ದ ಕಪ್ಪು ಜನ, ಲ್ಯಾಟಿನ್ ಅಮೆರಿಕ ಮೂಲದವರು, ಸಲಿಂಗಪ್ರೇಮಿಗಳು ಅಲ್ಲಿ ನಿರ್ಭಯವಾಗಿ ಸೇರಿದರು. ಅದೇ ಕಾಲಕ್ಕೆ, ಹಿಂದೆ ಚರ್ಚಾಗಿದ್ದ ಕಟ್ಟಡವೊಂದರಲ್ಲಿ ತೆರೆದ ‘ಸ್ಯಾಂಕ್ಚುಅರಿ’ ಎಂಬ ಕ್ಲಬ್ಬಿನಲ್ಲಿ ಫ್ರಾನ್ಸಿಸ್ ಗ್ರಾಸೊ ಹೊಸ ದಾರಿ ಹಿಡಿದ. ಒಂದು ರೆಕಾರ್ಡು ಸಭೆಗೆ ಕೇಳುತ್ತಿರುವಾಗಲೇ ಮುಂದಿನದನ್ನು ಹೆಡ್‌ಫೋನಿನಲ್ಲಿ ತಾನೊಬ್ಬನೇ ಕೇಳಿ, ಎರಡರ ತಾಳದ ಪೆಟ್ಟುಗಳನ್ನು ಕೂಡಿಸಿ, ಕುಣಿಯುವವರ ಹೆಜ್ಜೆ ತಪ್ಪದಂತೆ ಹಾಡು ಬದಲಿಸುತ್ತಿದ್ದ. ಆ ಹಾಡುಗಳಲ್ಲಿ ಡ್ರಮ್ ಬಾರಿಸಿದವರು ಮನುಷ್ಯರು. ಅವರ ವೇಗ ನಡುನಡುವೆ ಒಂದಿಷ್ಟು ಏರುವುದು, ಇಳಿಯುವುದು. ಗ್ರಾಸೊ ಒಂದು ಗಳಿಗೆಯೂ ಲಕ್ಷ್ಯ ತಪ್ಪುವಂತಿರಲಿಲ್ಲ. ಆತ ಅದಕ್ಕೆ ಮುಂಚೆ ನರ್ತಕನಾಗಿದ್ದವನು ಎಂಬುದನ್ನು ನಾವು ಮರೆಯಬಾರದು.

ಲೆಕ್ಕವನ್ನೂ ಸ್ವಲ್ಪ ನೋಡೋಣ. ನಿಮಿಷಕ್ಕೆ 124 ಪೆಟ್ಟಿನ ಹಾಡನ್ನೂ 125 ಪೆಟ್ಟಿನದನ್ನೂ ಒಟ್ಟಿಗೆ ಬಿಟ್ಟರೆ, ಅರ್ಧ ನಿಮಿಷದಲ್ಲಿ ಒಂದರ ಪೆಟ್ಟು ಇನ್ನೊಂದರ ಎರಡು ಪೆಟ್ಟುಗಳ ನಟ್ಟನಡುವೆ ಬೀಳುತ್ತದೆ. ಕಚೇರಿಯಲ್ಲಿ ತೊಡೆಯ ಮೇಲೆ ತಾಳ ಹಾಕುವ ನಮ್ಮ ರಸಿಕರಿಗೆ ಆ ಸಂಕಟವನ್ನು ವಿವರಿಸಬೇಕಾದ್ದಿಲ್ಲ. ಪೆಟ್ಟು ಕೂಡಿದರೂ ಸಾಲದು. ಈ ಸಂಗೀತ ಬಹುಮಟ್ಟಿಗೆ ನಾಲ್ಕು ಪೆಟ್ಟಿನ ಎಂಟು ಆವರ್ತಗಳ, ಅಂದರೆ 32 ಪೆಟ್ಟುಗಳ, ಕಟ್ಟಿನಲ್ಲಿ ನಡೆಯುತ್ತದೆ. ಒಂದರ ಕಟ್ಟು ಮುಗಿಯುವಲ್ಲಿ ಇನ್ನೊಂದರ ಕಟ್ಟು ಮೊದಲಾದರೇ ಸೊಗಸು.

ನ್ಯೂಯಾರ್ಕಿನ ಬಡ ಭಾಗವಾದ ಬ್ರಾಂಕ್ಸಿನಲ್ಲಿ ಇದೇ ಕೈಚಳಕ ಬೇರೊಂದು ರೂಪ ತಾಳಿತು. ಜಮೈಕದಲ್ಲಿ ಹುಟ್ಟಿದ ಕೂಲ್ ಹರ್ಕ್ 1973ರ ಆಗಸ್ಟ್ 11ರಂದು ತಂಗಿಯ ಕೂಟವೊಂದಕ್ಕೆ ಹಾಡು ಹಾಕಿದ. ಜನ ಹುಚ್ಚೆದ್ದು ಕುಣಿಯುವುದು ಹಾಡು ನಿಂತು ವಾದ್ಯ ಮಾತ್ರ ನುಡಿಯುವ ತುಣುಕಿಗೆ ಎಂಬುದನ್ನು ಕಂಡುಕೊಂಡವನು ಅವನು. ಒಂದೇ ರೆಕಾರ್ಡಿನ ಎರಡು ಪ್ರತಿಗಳಿಂದ ಆ ತುಣುಕನ್ನು ಲಂಬಿಸಿದ. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್ ಎಂಬವನು ರೆಕಾರ್ಡಿನ ಮೇಲೆ ಬಣ್ಣದ ಕಡ್ಡಿಯಿಂದ ಗುರುತು ಹಾಕಿ, ಗಡಿಯಾರದ ಮುಳ್ಳಿನಂತೆ ಅದನ್ನು ನೋಡಿ, ಇನ್ನಷ್ಟು ಕರಾರುವಾಕ್ಕಾಗಿ ಹಿಂದಕ್ಕೆ ತಿರುಗಿಸಿದ.

ಯಂತ್ರದವರು ಆಮೇಲೆ ಎಚ್ಚೆತ್ತರು. ಜಪಾನಿನ ಮತ್ಸುಶಿತ ಕಂಪನಿಯ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ 1972ರಲ್ಲಿ ಹೊರಬಂದದ್ದು ಮನೆಯಲ್ಲಿ ಸಂಗೀತ ಕೇಳುವವರಿಗಾಗಿ. ಬೆಲ್ಟಿಲ್ಲದೆ ಮೋಟಾರೇ ನೇರವಾಗಿ ತಟ್ಟೆಯನ್ನು ತಿರುಗಿಸುವುದರಿಂದ ಅದು ಬೇಗ ವೇಗಕ್ಕೆ ಬರುವುದು. ಡಿಜೆಗಳು ಅದನ್ನು ತಮ್ಮದಾಗಿಸಿಕೊಂಡರು. ಅವರ ಅಗತ್ಯ ಕಂಡು, ವೇಗವನ್ನು ನೂರಕ್ಕೆ 8ರಷ್ಟು ಹೆಚ್ಚುಕಡಿಮೆ ಮಾಡುವ ಜಾರುಗುಂಡಿಯನ್ನು 1979ರ ಮಾದರಿಯಲ್ಲಿ ಸೇರಿಸಲಾಯಿತು.

ಅದೇ 1979ರ ಜುಲೈ 12ರಂದು ಷಿಕಾಗೋದಲ್ಲಿ ಒಂದು ಅನಾಹುತ ನಡೆಯಿತು. ಡಿಸ್ಕೊ ರೆಕಾರ್ಡು ತಂದವರಿಗೆ ಬೇಸ್‌ಬಾಲ್ ಪಂದ್ಯದ ಟಿಕೆಟ್ಟು 98 ಸೆಂಟಿಗೆ. ತಂದ ರೆಕಾರ್ಡುಗಳನ್ನು ಮೈದಾನದ ನಡುವೆ ರಾಶಿ ಹಾಕಿ ಸಿಡಿಸಿದರು. ಜನ ನುಗ್ಗಿ, ಆ ದಿನದ ಎರಡನೆಯ ಪಂದ್ಯ ನಡೆಯಲೇ ಇಲ್ಲ. ಅಲ್ಲಿ ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ, ಬಂದ ರೆಕಾರ್ಡುಗಳಲ್ಲಿ ಡಿಸ್ಕೊ ಅಲ್ಲದ, ಬರೇ ಕಪ್ಪು ಗಾಯಕರವೂ ಬಹಳ ಇದ್ದುವೆಂದು ಮುಂದೆ ಹೇಳಿದ. ದೊಡ್ಡ ಕಂಪನಿಗಳು ಡಿಸ್ಕೊವನ್ನು ಕೈಬಿಟ್ಟವು. ಆದರೆ ಅದೇ ಊರಿನ ‘ವೇರ್‌ಹೌಸ್’ ಕ್ಲಬ್ಬಿನಲ್ಲಿ 1977ರಿಂದ ಫ್ರ್ಯಾಂಕಿ ನಕಲ್ಸ್ ಹಾಡು ಹಾಕುತ್ತಿದ್ದ. ಹೊಸ ಹಾಡು ಕಡಿಮೆಯಾದಾಗ ಅವನು ಹಳೆಯವನ್ನೇ ಟೇಪಿನಲ್ಲಿ ಕತ್ತರಿಸಿ ಅಂಟಿಸಿ ಉದ್ದಮಾಡಿದ. ಮುಂದೆ ಡ್ರಮ್ ಮೆಷೀನಿನ ಪೆಟ್ಟು ಕೂಡಿಸಿದ. ವೇರ್‌ಹೌಸಿನಿಂದಲೇ ‘ಹೌಸ್’ ಸಂಗೀತಕ್ಕೆ ಹೆಸರು ಬಂತೆಂದು ರೂಢಿ. ಆ ಬಗೆಯ ಮೊದಲ ರೆಕಾರ್ಡುಗಳಲ್ಲಿ ಒಂದನ್ನು 1984ರಲ್ಲಿ ಜೆಸ್ಸಿ ಸಾಂಡರ್ಸ್ ಜೊತೆ ಕಟ್ಟಿದವನು, ಆ ಸಿಡಿತವನ್ನು ಕಣ್ಣಾರೆ ಕಂಡಿದ್ದ ವಿನ್ಸ್ ಲಾರೆನ್ಸನೇ.

ಇಂದು ತಾಳ ಕೂಡಿಸುವ ಕೆಲಸವನ್ನು ‘ಸಿಂಕ್’ ಎಂಬ ಒಂದು ಗುಂಡಿ ಮಾಡುತ್ತದೆ. ಅದನ್ನು ಒತ್ತುವುದು ಪಾಪವೆಂದು ನಾನು ಹೇಳುವವನಲ್ಲ. ಆದರೆ ಮೊದಲ ಕೆಲವು ತಿಂಗಳು ಪರದೆಗೆ ಬಟ್ಟೆ ಮುಚ್ಚಿ, ಎರಡೇ ಹಾಡು ಇಟ್ಟುಕೊಂಡು ಅಭ್ಯಾಸಮಾಡುವುದು ಮೇಲು. ಒಂದು ಕಿವಿ ಹೆಡ್‌ಫೋನಿಗೆ, ಇನ್ನೊಂದು ಕೋಣೆಗೆ. ಯಾವುದು ಮುಂದೋಡುತ್ತಿದೆ, ಯಾವುದು ಹಿಂದೆ ಬೀಳುತ್ತಿದೆ ಎಂದು ತಿಳಿಯುವುದೇ ಮೊದಲ ಪಾಠ. ಹಾಡು ಬೆರೆಸುವಾಗ ಒಂದರ ಮಂದ್ರಧ್ವನಿಯನ್ನು ತಗ್ಗಿಸಬೇಕು. ಎರಡರದೂ ಸೇರಿದರೆ ಗದ್ದಲ. ಕಿವಿಯೇ ಬಂಡವಾಳವಾದ್ದರಿಂದ ಅದನ್ನು ಕಾಯಬೇಕು: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ, 100 ಡೆಸಿಬೆಲ್ ಆದರೆ ಕಾಲು ಗಂಟೆ ಮಾತ್ರ.

ಕೊನೆಯ ಮಾತು: ತಲೆ ಎತ್ತಿ ಜನರನ್ನು ನೋಡಬೇಕು. ಮ್ಯಾಂಕುಸೊ, ಹರ್ಕ್, ನಕಲ್ಸ್ ಎಲ್ಲರೂ ತಮ್ಮ ಮುಂದೆ ಯಾರು ಕುಣಿಯುತ್ತಿದ್ದಾರೆ, ಅವರಿಗೆ ಈಗ ಏನು ಬೇಕು ಎಂಬುದನ್ನು ಬಲ್ಲವರಾಗಿದ್ದರು. ಅದನ್ನು ಕಲಿಸುವ ಗುಂಡಿ ಇನ್ನೂ ಬಂದಿಲ್ಲ. ಆದ್ದರಿಂದ ಕಲಿಯುವವರು ಯಂತ್ರದ ಹಿಂದೆ ನಿಲ್ಲುವ ಮುಂಚೆ, ಸಂಕೋಚ ಬಿಟ್ಟು, ನಾಲ್ಕಾರು ರಾತ್ರಿ ಜನರ ನಡುವೆ ಕುಣಿದು ಬರಲಿ.